ನಿಯಾನ್ ದೀಪ ಹಾಕಿದ್ರೆ ಸೈಬರ್‌ಪಂಕ್ ಆಗಲ್ಲ

ನೇರಳೆ ದೀಪ, ಜಪಾನಿ ಬೋರ್ಡು, ಸುರಿಯೋ ಮಳೆ. ಅನಿಮೇಷನ್ ಕಲಿಯೋ ನಮ್ಮ ದಾವಣಗೆರೆ ಹುಡುಗರು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಊರು ಕಟ್ಟಿದ್ರೆ ಬಹುಪಾಲು ಹೀಗೇ ಇರುತ್ತೆ. ಕೈಚಳಕ ಇಲ್ಲ ಅನ್ನಲ್ಲ. ಆದ್ರೆ ಆ ಊರಲ್ಲಿ ಯಾರಿರ್ತಾರಪ್ಪಾ ಅಂತ ಕೇಳಿದ್ರೆ ತಲೆ ಕೆರ್ಕೊತಾರೆ. ಸೈಬರ್‌ಪಂಕ್ ಅಂದ್ರೆ ಯಂತ್ರ, ಕಂಪ್ಯೂಟರು ಜನರ ಬದುಕನ್ನೆಲ್ಲ ಹಿಡಿದಿಟ್ಟಿರೋ ಮುಂದಿನ ಕಾಲದ ಊರಿನ ಕಥೆ. ಅದರಲ್ಲಿ ಊರು ನಾಟಕದ ಪರದೆ ಅಲ್ಲ. 'ನಾನು ಯಾರು' ಅಂತ ಪಾತ್ರ ಕೇಳೋಕೆ ಮುಂಚೆನೇ ಊರು ಅದನ್ನ ತೀರ್ಮಾನ ಮಾಡಿ ಮುಗಿಸಿರುತ್ತೆ.

1995ರ ಜಪಾನಿ ಅನಿಮೇಷನ್ ಸಿನಿಮಾ 'ಘೋಸ್ಟ್ ಇನ್ ದ ಶೆಲ್' ನೋಡಿ. ನಾಯಕಿ ಮೊಟೊಕೊ ಕುಸನಾಗಿಗೆ ಮೈಯೆಲ್ಲ ಯಂತ್ರ, ಅದೂ ಸರ್ಕಾರದ್ದು. ಕೆಲಸ ಬಿಟ್ಟರೆ ಕ್ವಾರ್ಟರ್ಸ್ ಖಾಲಿ ಮಾಡೋ ಹಾಗೆ ಮೈ ಒಪ್ಪಿಸಿ ಹೋಗಬೇಕು, ಒಳಗಿರೋ ನೆನಪಿನ ಸಮೇತ. ಸಿನಿಮಾದ ನಡುವೆ ನಿರ್ದೇಶಕ ಮಮೋರು ಓಶಿ ಕಥೆ ನಿಲ್ಲಿಸಿ ಮೂರು ನಿಮಿಷದ ಮೇಲೆ ಬರೀ ಊರು ತೋರಿಸ್ತಾರೆ. ಒಂದು ಮಾತಿಲ್ಲ, ಕೆಂಜಿ ಕವಾಯಿ ಸಂಗೀತ ಅಷ್ಟೇ. ಕಾಲುವೆ, ಅರ್ಧ ಕಟ್ಟಿದ ಬಿಲ್ಡಿಂಗು, ನೀರು ನಿಂತ ಹಳೇ ಬೀದಿ, ಅಂಗಡಿ ಗಾಜಿನೊಳಗೆ ಬೊಂಬೆಗಳು. ದೋಣಿಯಲ್ಲಿ ಹೋಗ್ತಿರೋ ಮೊಟೊಕೊ ತಲೆ ಎತ್ತಿದ್ರೆ ಕಿಟಕಿಯಾಚೆ ಅವಳದೇ ಮುಖದ ಇನ್ನೊಬ್ಬಳು ಕೂತಿದಾಳೆ. ಅದೇ ಮಾಡೆಲ್ಲು ಇರಬೇಕು! 'ಬೋರು, ಓಡಿಸಿಬಿಡು' ಅನ್ನೋ ಗೆಳೆಯರಿದಾರೆ ನನಗೆ. ನನ್ನ ಪ್ರಕಾರ ಇಡೀ ಸಿನಿಮಾ ಇರೋದೇ ಅಲ್ಲಿ.

ಅದೇ ಸಿನಿಮಾದ ಕಸದ ಲಾರಿಯವನನ್ನಂತೂ ಮರೆಯೋಕಾಗಲ್ಲ. ಹೆಂಡತಿ ಮಗಳ ವಿಷಯ ಹೇಳ್ಕೊಂಡು ಓಡಾಡ್ತಿರ್ತಾನೆ. ಪೊಲೀಸ್ರು ಹಿಡಿದ ಮೇಲೆ ಗೊತ್ತಾಗುತ್ತೆ, ಇಬ್ಬರೂ ಯಾವತ್ತೂ ಇರಲೇ ಇಲ್ಲ, ಯಾರೋ ಅವನ ತಲೆಗೆ ತುಂಬಿದ ಸುಳ್ಳು ನೆನಪು. ಊರಿನ ಮನೆಮನೆ ಕಸ ಎತ್ತೋನಿಗೆ ತನ್ನ ಮನೆಯಲ್ಲಿ ಯಾರಿದಾರೆ ಅನ್ನೋದೇ ಗೊತ್ತಿಲ್ಲ.

ಸಿನಿಮಾದ ಆ ಊರಿಗೆ ಮಾದರಿ ಹಾಂಗ್‌ಕಾಂಗ್. ಸಿನಿಮಾ ಬಂದ ಎರಡು ವರ್ಷಕ್ಕೆ, 1997ರಲ್ಲಿ, ಅದು ಬ್ರಿಟನ್ ಕೈಯಿಂದ ಚೀನಾ ಕೈಗೆ ಹೋಯ್ತು. ಅದೇ ವರ್ಷ ನಾವೂ ಚಿತ್ರದುರ್ಗ ಬಿಟ್ಟು ಬೇರೆ ಜಿಲ್ಲೆ ಆದ್ವಿ ಅನ್ನೋದು ಬೇರೆ ಮಾತು. (ದುರ್ಗದೋರು ಇನ್ನೂ ಕಾಲೆಳೀತಾರೆ.)

1988ರ ಇನ್ನೊಂದು ಜಪಾನಿ ಅನಿಮೇಷನ್ ಸಿನಿಮಾ 'ಅಕಿರ' ಬಗ್ಗೆ ಮಾತು ಬಂದ್ರೆ ಎಲ್ರೂ 'ಟೋಕಿಯೋದ 2020ರ ಒಲಿಂಪಿಕ್ಸ್ ಆಗ್ಲೇ ಹೇಳಿದ್ರು' ಅಂತ ಶುರು ಮಾಡ್ತಾರೆ. ಇರಲಿ ಬಿಡಿ. ನೋಡಬೇಕಾದ್ದು ಬೇರೆ. ಹಳೇ ಟೋಕಿಯೋ ಸುಟ್ಟುಹೋದ ಗುಂಡಿ ಹಾಗೇ ಇದೆ, ಪಕ್ಕದಲ್ಲೇ ನಿಯೋ-ಟೋಕಿಯೋ ಮಿಂಚ್ತಿದೆ. ಟೆಟ್ಸುವೊ ಅನ್ನೋ ಅನಾಥ ಹುಡುಗನ ಮೈ ಅಂಕೆ ತಪ್ಪಿ ಉಬ್ಬೋದು ಆ ಒಲಿಂಪಿಕ್ಸ್‌ಗೆ ಅಂತ ಕಟ್ತಿರೋ ಸ್ಟೇಡಿಯಮ್ಮಲ್ಲೇ. ಊರಿಗೆ ಬಂದ ರೋಗವೇ ಅವನಿಗೂ ಬಂದಿರೋದು. 2022ರ ಅನಿಮೇಷನ್ ಸರಣಿ 'ಸೈಬರ್‌ಪಂಕ್: ಎಡ್ಜ್‌ರನ್ನರ್ಸ್' ನನಗೆ ಸ್ವಲ್ಪ ಗದ್ದಲ ಜಾಸ್ತಿ ಅನ್ನಿಸ್ತು. ಆದ್ರೂ ದುಡ್ಡು ಕಟ್ಟಿಲ್ಲ ಅಂತ ವಾಷಿಂಗ್ ಮಷೀನು ಅರ್ಧಕ್ಕೆ ನಿಂತುಬಿಡೋ ದೃಶ್ಯ ಇದೆಯಲ್ಲ, ಅದೊಂದು ಸಾಕು ಅದರ ಊರು ನೈಟ್ ಸಿಟಿ ಎಂಥಾದ್ದು ಅಂತ ತಿಳಿಯೋಕೆ.

ಈಗ ಹೇಳಿ, ನಮ್ಮೂರಿಗೆ ಏನು ಕಮ್ಮಿ? ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡು, ಮಿಲ್ಲುಗಳು ಮುಚ್ಚಿ, 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೆ ಸೇರಿದ ಊರು. ಸರ್ಕಲ್ಲಲ್ಲಿ ಕ್ಯಾಮೆರಾ, ಆಚೆಗೆ ಮಂಡಕ್ಕಿ ಭಟ್ಟಿ ಹೊಗೆ. ವರ್ಷಗಟ್ಟಲೆ ದುಡಿದು ಬೆರಳಿನ ಗೆರೆ ಸವೆದಿರೋ ಹೆಂಗಸು ನ್ಯಾಯಬೆಲೆ ಅಂಗಡಿಗೆ ಹೋಗ್ತಾಳೆ. 'ಥಂಬ್ ತಗೊಳ್ತಿಲ್ಲ ಅಜ್ಜಿ, ಕೈ ಒರೆಸ್ಕೊಂಡು ಇನ್ನೊಂದ್ಸಲ ಇಡು.' ಇಡ್ತಾಳೆ, ತಗೊಳ್ಳಲ್ಲ. ಬೀದಿಗೆಲ್ಲ ಗುರುತಿರೋ ಅಜ್ಜಿಯನ್ನ ಮಷೀನು ಇವಳು ಅವಳಲ್ಲ ಅನ್ನುತ್ತೆ. ಮೊಟೊಕೊ ಕೇಳೋದೂ ಇದನ್ನೇ ಅಲ್ವಾ?

ಅದನ್ನ ಮಾಡ್ರೋ ಹುಡುಗ್ರಾ. ಜಪಾನಿ ಬೋರ್ಡು ತೆಗೆದು 'ಸರ್ವರ್ ಇಲ್ಲ, ನಾಳೆ ಬನ್ನಿ' ಅಂತ ಕನ್ನಡದಲ್ಲಿ ಬರೀರಿ. ಭಟ್ಟಿ, ಹಳೇ ಮಿಲ್ ಗೋಡೆ ಫೋಟೋ ಬೇಕಾದೋರು ಇನ್‌ಬಾಕ್ಸ್‌ಗೆ ಬನ್ನಿ, ನನ್ನ ಫೋನ್ ತುಂಬಾ ಅವೇ ಇದಾವೆ.