ಹಾಗೇ ಇಟ್ಟುಕೊಳ್ಳಲೇ?

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದೆ. ರಾತ್ರಿ ಕಳೆಯುವಷ್ಟರಲ್ಲಿ ಅಕ್ಷರಗಳೆಲ್ಲ ಜೇನುಹುಳ ಕಚ್ಚಿದ ಹಾಗೆ ಊದಿಕೊಂಡಿದ್ದವು. ಲ್ಯಾಪ್‌ಟಾಪಿಗೆ ಜೋಡಿಸಿದ, ನಿನ್ನೆ 1920 ಬೈ 1080 ಚುಕ್ಕಿಗಳ ಅಳತೆಯಲ್ಲಿದ್ದ ಮಾನಿಟರ್ ಇವತ್ತು 1024 ಬೈ 768ಕ್ಕೆ ಇಳಿದು ಕೂತಿತ್ತು. ಮೊನ್ನೆಯೂ ಹೀಗೇ ಆಗಿತ್ತು. ಅದರ ಹಿಂದಿನ ದಿನವೂ.

ಹಾಗಂತ ನಾನೇನು ಸುಮ್ಮನೆ ಕೂತವನಲ್ಲ. ದಿನಾ ಸರಿ ಮಾಡುತ್ತೇನೆ. ಸರಿ ಮಾಡಿದಾಗಲೆಲ್ಲ ಅದು ಒಂದು ಪುಟ್ಟ ಕಿಟಕಿ ತೆರೆದು ಬಹಳ ವಿನಯದಿಂದ ಕೇಳುತ್ತದೆ. ಈ ಬದಲಾವಣೆಗಳನ್ನು ಹಾಗೇ ಇಟ್ಟುಕೊಳ್ಳಲೇ? ಉತ್ತರ ಕೊಡಲು ನನಗೆ 20 ಸೆಕೆಂಡು. 19, 18, 17 ಅಂತ ಎಣಿಕೆ ಇಳಿಯುತ್ತದೆ. ಇಟ್ಟುಕೋ ಮಾರಾಯ, ಅಂತ ಒತ್ತುತ್ತೇನೆ. ಇಟ್ಟುಕೊಳ್ಳುತ್ತದೆ. ಸಂಜೆಯವರೆಗೆ.

ಆ 20 ಸೆಕೆಂಡಿನ ಬಗ್ಗೆ ನನ್ನ ತಕರಾರಿಲ್ಲ. ಅದು ಬುದ್ಧಿವಂತರು ಮಾಡಿದ ಏರ್ಪಾಡು. ತಪ್ಪು ಆಯ್ಕೆ ಮಾಡಿ ಪರದೆಯೇ ಕಪ್ಪಾಗಿಬಿಟ್ಟರೆ 'ಬೇಡ' ಅನ್ನುವ ಬಟನ್ನೂ ಕಾಣುವುದಿಲ್ಲವಲ್ಲ. ಕಾದು ನೋಡಿ ಅದೇ ಹಿಂದಕ್ಕೆ ಹೋಗುತ್ತದೆ. ನನ್ನ ಜಗಳ ಇರುವುದು 'ಇಟ್ಟುಕೊಳ್ಳು' ಅನ್ನುವ ಮಾತಿನ ಜೊತೆ. ಈ ಪುಸ್ತಕ ನೀನೇ ಇಟ್ಟುಕೋ ಅಂದರೆ, ಬೆಳಗಾಗುವುದರೊಳಗೆ ತಂದು ನನ್ನ ಮೇಜಿನ ಮೇಲೆ ಇಡು ಅಂತ ಅರ್ಥವಾ?

ತಿಳಿದವರನ್ನು ಕೇಳಿದೆ. ನನ್ನದು ಲಿನಕ್ಸ್, ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಅದನ್ನು ತಿಳಿದವರಿಗೆ ಬರವಿಲ್ಲ. ಮೊದಲನೆಯವರು ಒಂದು ಸಲ ರೀಬೂಟ್ ಮಾಡಿ ನೋಡಿ ಅಂದರು. ಅಯ್ಯಾ, ರೀಬೂಟೇ ನನ್ನ ರೋಗ. ಎರಡನೆಯವರು ನಂದರಲ್ಲಿ ಸರಿಯಾಗೇ ಇದೆಯಲ್ಲ ಅಂದರು. ಈ ಮಾತಿಗೆ ಏನು ಉತ್ತರ ಕೊಡಬೇಕೋ ನನಗೆ ಈವರೆಗೆ ತಿಳಿದಿಲ್ಲ. ಹಲ್ಲುನೋವು ಅಂದವನಿಗೆ ನನ್ನ ಹಲ್ಲು ಗಟ್ಟಿಯಾಗಿದೆ ಅಂದ ಹಾಗೆ. ಮೂರನೆಯವರು, ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್‌ಗೆ ಹೋಗಿ ಅಂದರು. ಹೋದೆ. ಅಲ್ಲಿ ಪರದೆಯ ಅಳತೆ ಬದಲಾಯಿಸುವ ಕಮಾಂಡ್ ಎಕ್ಸ್‌ರ್ಯಾಂಡರ್ ನಡೆಯಲೇ ಇಲ್ಲ. ವಾಪಸ್ ಬಂದೆ. ನಾಲ್ಕನೆಯವರು, ದಿನಾ ಮೂರು ಸಾಲು ಟೈಪ್ ಮಾಡೋಕೆ ಏನು ಕಷ್ಟ ಅಂದರು. ಅವರ ಜೊತೆ ನಾನು ಆಮೇಲೆ ಜಾಸ್ತಿ ಮಾತಾಡಿಲ್ಲ.

ಆದರೂ ಆ ಮೂರು ಸಾಲನ್ನೇ ಮೂರು ವಾರ ಟೈಪ್ ಮಾಡಿದೆ. ಹೊಸ ಮೋಡ್ (ಪರದೆಯ ಅಳತೆ) ಒಂದನ್ನು ಹುಟ್ಟಿಸುವುದು, ಅದನ್ನು ಮಾನಿಟರಿಗೆ ಅಂಟಿಸುವುದು, ಆಮೇಲೆ ಅದಕ್ಕೆ ಬದಲಾಯಿಸುವುದು. ಅದರಲ್ಲಿ ಒಂದು ಸಂಖ್ಯೆಗಳ ಸಾಲು ಬರುತ್ತದೆ. 173.00, 1920, 2048, 2248, 2576, 1080, 1083, 1088, 1120. ನನ್ನ ತಮ್ಮನ ಫೋನ್ ನಂಬರ್ ನನಗೆ ಬಾಯಿಗೆ ಬರುವುದಿಲ್ಲ. ಇದು ಬರುತ್ತದೆ. ಕಣ್ಣಿಗೆ ಕಾಣುವ ಗೆರೆ 1080 ಅಲ್ವಾ, ಆದರೆ ಲೆಕ್ಕ 1120ರವರೆಗೆ ಹೋಗುತ್ತದೆ. ಉಳಿದ 40 ಗೆರೆ ಯಾರಿಗೂ ಕಾಣುವುದಿಲ್ಲ. ಹಿಂದಿನ ಡಬ್ಬಾ ಮಾನಿಟರಿನಲ್ಲಿ ಎಲೆಕ್ಟ್ರಾನ್ ಕಿರಣ ಕೆಳಗಿನ ಮೂಲೆ ಮುಟ್ಟಿದ ಮೇಲೆ ಮತ್ತೆ ಮೇಲಕ್ಕೆ ಹೋಗಬೇಕಿತ್ತು. ಆ ಪ್ರಯಾಣದ ಹೊತ್ತು ಅದು. ನನ್ನ ಚಪ್ಪಟೆ ಮಾನಿಟರಿನಲ್ಲಿ ಕಿರಣವೂ ಇಲ್ಲ, ಪ್ರಯಾಣವೂ ಇಲ್ಲ. ಆದರೂ ಸೆಕೆಂಡಿಗೆ 60 ಸಲ ಅದಕ್ಕೆ ದಾರಿ ಬಿಟ್ಟು ನಿಲ್ಲುತ್ತೇವೆ. ಯಾವತ್ತೋ ಹೋದವರಿಗೆ ಇಷ್ಟು ಮರ್ಯಾದೆ. ನಿನ್ನೆ ರಾತ್ರಿ ಹೇಳಿದ ನನ್ನ ಮಾತಿಗೆ ಮಾತ್ರ ಇಲ್ಲ.

ದಿನಾ ಹಿಂದಕ್ಕೆ ತಿರುಗಿಸುವವರು ಯಾರು ಅಂತ ಯೋಚಿಸುವಾಗ ನನಗೆ ದೊಡ್ಡಪ್ಪನ ಮನೆಯ ಕುರ್ಚಿ ನೆನಪಾಯಿತು.

ನನಗಾಗ ಹನ್ನೆರಡು ವರ್ಷ ಇರಬೇಕು. ರಜೆಗೆ ಹೋಗಿದ್ದೆ. ನಡುಮನೆಯಲ್ಲಿ ಒಂದು ಬೆತ್ತದ ಕುರ್ಚಿ ಇತ್ತು, ಗೋಡೆ ಗಡಿಯಾರದ ಕೆಳಗೆ. ಓದಲು ಬೆಳಕು ಸಾಲುವುದಿಲ್ಲ ಅಂತ ಅದನ್ನು ಕಿಟಕಿ ಪಕ್ಕಕ್ಕೆ ಎಳೆದುಕೊಂಡೆ. ಬೆಳಿಗ್ಗೆ ಎದ್ದರೆ ಕುರ್ಚಿ ಮತ್ತೆ ಗಡಿಯಾರದ ಕೆಳಗೆ. ಮತ್ತೆ ಎಳೆದೆ. ಮರುದಿನ ಮತ್ತೆ ಅಲ್ಲೇ. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಇದು ದೊಡ್ಡಪ್ಪನದೇ ಕೆಲಸ ಅಂತ ನಾನು ತೀರ್ಮಾನಿಸಿದೆ. ಅವರು ಮಾತು ಕಡಿಮೆ ಆಡುವವರು. ಅಂಥವರ ಮೇಲೆ ಅನುಮಾನ ಬೇಗ ಬರುತ್ತದೆ.

ನಾಲ್ಕನೇ ದಿನ ಕಿಟಕಿ ಪಕ್ಕ ಕುರ್ಚಿಯ ನಾಲ್ಕು ಕಾಲಿನ ಸುತ್ತ ಚಾಕ್‌ಪೀಸಿನಲ್ಲಿ ವೃತ್ತ ಬರೆದೆ. ಇಲ್ಲಿಂದ ಕದಲಿಸಬೇಡಿ ಅಂತ ಅದರ ಅರ್ಥ. ಬೆಳಿಗ್ಗೆ ಕುರ್ಚಿಯೂ ಇಲ್ಲ, ವೃತ್ತವೂ ಇಲ್ಲ. ಐದನೇ ದಿನ ಕುರ್ಚಿಯ ಕಾಲನ್ನು ದಾರದಿಂದ ಕಿಟಕಿ ಸರಳಿಗೆ ಕಟ್ಟಿದೆ. ಬೆಳಿಗ್ಗೆ ಕುರ್ಚಿ ಗಡಿಯಾರದ ಕೆಳಗಿತ್ತು. ದಾರವನ್ನು ಯಾರೋ ಚೆಂದವಾಗಿ ಸುತ್ತಿ ಕುರ್ಚಿಯ ಮೇಲೆ ಇಟ್ಟಿದ್ದರು. ಆ ದಾರದ ಉಂಡೆ ನೋಡಿ ನನಗೆ ಅಳುವೇ ಬಂತು.

ಆರನೇ ದಿನ ಬೆಳಗಿನ ಜಾವವೇ ಎದ್ದು ಬಾಗಿಲ ಸಂದಿಯಲ್ಲಿ ಕಾದು ಕೂತೆ. ಮೊದಲು ಬಂದವರು ದೊಡ್ಡಮ್ಮ. ಕಿಟಕಿ ಕೆಳಗೆ ಗುಡಿಸಲು ಕುರ್ಚಿಯನ್ನು ಕೋಣೆಯ ನಡುವಿಗೆ ತಳ್ಳಿದರು. ಗುಡಿಸಿ, ಒರೆಸಿ, ಒಳಗೆ ಹೋದರು. ಆಮೇಲೆ ಅಜ್ಜಿ. ಕಣ್ಣು ಮಂಜು. ನಡುದಾರಿಯಲ್ಲಿ ಕುರ್ಚಿ ಕೈಗೆ ಸಿಕ್ಕಿತು. ಯಾರು ಇದನ್ನು ಇಲ್ಲಿ ತಂದಿಟ್ಟಿದ್ದು, ಎಡವಿ ಬಿದ್ದರೆ ಏನು ಗತಿ, ಅಂತ ಗೊಣಗುತ್ತಾ ಗೋಡೆಗೆ ಸರಿಸಿದರು. ಕೊನೆಗೆ ದೊಡ್ಡಪ್ಪ. ಗಡಿಯಾರಕ್ಕೆ ಕೀಲಿ ಕೊಡಲು ಬಂದಿದ್ದರು. ಗೋಡೆ ಪಕ್ಕದ ಕುರ್ಚಿಯನ್ನು ಎರಡು ಅಡಿ ಎಳೆದರು, ಹತ್ತಿ ನಿಂತರು, ಕೀಲಿ ಕೊಟ್ಟು ಇಳಿದು ಹೋದರು. ಅಷ್ಟೇ. ಮೂವರಲ್ಲಿ ಯಾರೂ ನನಗೆ ಕೇಡು ಬಯಸಿರಲಿಲ್ಲ. ಕಿಟಕಿ ಪಕ್ಕ ಕುರ್ಚಿ ಬೇಕಾದವನೊಬ್ಬ ಮನೆಯಲ್ಲಿದ್ದಾನೆ ಅನ್ನುವುದೇ ಅವರ ತಲೆಯಲ್ಲಿರಲಿಲ್ಲ.

ಧೈರ್ಯ ಮಾಡಿ ದೊಡ್ಡಪ್ಪನಿಗೆ ಹೇಳಿದೆ. ಕೀಲಿ ಕೊಟ್ಟ ಮೇಲೆ ಕುರ್ಚಿಯನ್ನು ಕಿಟಕಿ ಪಕ್ಕ ಇಡ್ತೀರಾ? ಅವರು, ಅದಕ್ಕೇನಂತೆ, ಇಡ್ತೀನಿ ಬಿಡು ಅಂದರು. ಮರುದಿನ ಇಟ್ಟರು ಕೂಡ. ಅವತ್ತೇ ಬಟ್ಟೆ ಒಣಹಾಕಲು ದೊಡ್ಡಮ್ಮ ಅದನ್ನು ಹೊರಗೆ ಒಯ್ದರು. ರಜೆ ಮುಗಿಯಿತು. ದಾರ ಸುತ್ತಿಟ್ಟವರು ಯಾರು ಅಂತ ಮಾತ್ರ ಇವತ್ತಿಗೂ ಗೊತ್ತಾಗಲಿಲ್ಲ.

ಈ ಪೆಟ್ಟಿಗೆಯೊಳಗೂ ಬೆಳಗಿನ ಜಾವ ಇಂಥದ್ದೇ ಓಡಾಟ. ಮೊದಲು ಲಿನಕ್ಸಿನ ತಿರುಳಾದ ಕರ್ನೆಲ್ ಬಂದು ತನಗೆ ಸರಿ ಕಂಡ ಅಳತೆ ಇಡುತ್ತದೆ. ಆಮೇಲೆ ಪರದೆಯ ಮೇಲೆ ಚಿತ್ರ ಮೂಡಿಸುವ ಡಿಸ್‌ಪ್ಲೇ ಸರ್ವರ್. ಆಮೇಲೆ ಲಾಗಿನ್ ಪರದೆ. ಅದು ಬೇರೆಯೇ ಯೂಸರ್ ಹೆಸರಿನಲ್ಲಿ ಓಡುವುದರಿಂದ ನಾನು ಯಾರೆಂದೇ ಅದಕ್ಕೆ ಗೊತ್ತಿಲ್ಲ. ಕೊನೆಗೆ ಕಿಟಕಿ, ಮೆನು ತೋರಿಸುವ ಡೆಸ್ಕ್‌ಟಾಪ್. ಕೊನೆಗೆ ಬಂದವರ ಮಾತೇ ನಡೆಯುತ್ತದೆ. ನಾನು ನನ್ನ ಮೂರು ಸಾಲನ್ನು ಎಕ್ಸ್‌ಪ್ರೊಫೈಲ್ ಅನ್ನುವ ಕಡತದಲ್ಲಿ ಬರೆದಿಟ್ಟೆ. ಅದು ಡೆಸ್ಕ್‌ಟಾಪಿಗಿಂತ ಮುಂಚೆ ಓಡುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸರಿ ಅಂತ, ಡೆಸ್ಕ್‌ಟಾಪ್ ಬಂದ ಮೇಲೆ ಓಡುವ ಆಟೋಸ್ಟಾರ್ಟಿನಲ್ಲಿ ಹಾಕಿ, ಮೊದಲ ಸಾಲಿಗೆ 'ಐದು ಸೆಕೆಂಡು ಮಲಗು' ಅಂತ ಬರೆದೆ. ಎಲ್ಲರೂ ಬಂದು ಹೋಗಲಿ, ಆಮೇಲೆ ನಾನು ಎಳೆಯುತ್ತೇನೆ ಅಂತ. ಗೆದ್ದೆ. ಒಂಬತ್ತು ದಿನ ಗೆದ್ದೆ.

ಹತ್ತನೇ ದಿನ ಅಪ್‌ಡೇಟ್ ಬಂತು. ಅದರ ಜೊತೆ ಪರದೆಯನ್ನು ನಡೆಸುವ ಪ್ರೋಗ್ರಾಂ, ಅಂದರೆ ವಿಡಿಯೋ ಡ್ರೈವರ್, ಬದಲಾಯಿತು. ಅಲ್ಲಿಯವರೆಗೆ ವಿಜಿಎ1 ಅಂತ ಇದ್ದ ಮಾನಿಟರಿನ ಹೆಸರು ವಿಜಿಎ-1 ಆಯಿತು. ನಡುವೆ ಒಂದು ಅಡ್ಡಗೆರೆ, ಬೇರೇನೂ ಇಲ್ಲ. ನನ್ನ ಮೂರು ಸಾಲಿನಲ್ಲಿ ಹಳೇ ಹೆಸರೇ ಇತ್ತು. ನಮ್ಮಲ್ಲಿ ಅಳಿಯ ಅಲ್ಲ, ಮಗಳ ಗಂಡ ಅಂದರೂ ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ. ಇದು ಬಿಡುವುದಿಲ್ಲ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದುಬಿಟ್ಟಿತು.

ಅಡ್ಡಗೆರೆ ಸೇರಿಸಿದರೆ ಮುಗಿಯುತ್ತಿತ್ತು. ಆದರೆ ಅವತ್ತು ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಡೆಸ್ಕ್‌ಟಾಪ್ ತನ್ನ ಲೆಕ್ಕ ಬರೆದಿಡುವ ಕಡತವನ್ನೇ ತೆರೆದೆ. ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್ ಅಂತ ಅದರ ಹೆಸರು. ನೋಡಿದರೆ ನನ್ನ 1920, ನನ್ನ 1080, ಎಲ್ಲ ನೀಟಾಗಿ ಬರೆದುಕೊಂಡಿದೆ! ಮರೆತಿರಲೇ ಇಲ್ಲ. ಇಷ್ಟು ದಿನ ಅದನ್ನು ಬೈದದ್ದಕ್ಕೆ ಒಂದು ಕ್ಷಣ ನಾಚಿಕೆಯಾಯಿತು. ನಾನು ಕೈಯಾರೆ ಹುಟ್ಟಿಸಿದ ಮೋಡ್ ಪ್ರತಿ ಸಲವೂ ಯಂತ್ರದ ಜೊತೆಗೇ ಸಾಯುತ್ತಿತ್ತು. ಬೆಳಿಗ್ಗೆ ಡೆಸ್ಕ್‌ಟಾಪ್ ಬಂದು ಹುಡುಕಿದರೆ ಅದು ಇರುವುದಿಲ್ಲ. ಪಾಪ, ಇದ್ದುದರಲ್ಲಿ ಆಯ್ದುಕೊಳ್ಳುತ್ತಿತ್ತು. ಅದೇ ಕಡತದಲ್ಲಿ ಮಾನಿಟರ್ ತಯಾರಿಸಿದವರು ಯಾರು ಅನ್ನುವ ಕಡೆ 'ಗೊತ್ತಿಲ್ಲ' ಅಂತ ಬರೆದಿತ್ತು. ಮಾದರಿ, ಗೊತ್ತಿಲ್ಲ. ಸೀರಿಯಲ್ ನಂಬರ್, ಗೊತ್ತಿಲ್ಲ. ಎದುರಿಗೇ ಕೂತವರ ಪರಿಚಯವೇ ಇಲ್ಲ.

ಮಾನಿಟರಿನ ಹೊಟ್ಟೆಯಲ್ಲಿ 128 ಬೈಟಿನ ಒಂದು ಪರಿಚಯ ಪತ್ರ ಇರುತ್ತದೆ. ಇಡಿಐಡಿ ಅನ್ನುತ್ತಾರೆ. ತಯಾರಕರ ಮೂರಕ್ಷರದ ಗುರುತು, ಎಷ್ಟು ಸೆಂಟಿಮೀಟರ್ ಉದ್ದಗಲ, ಯಾವ ವರ್ಷ, ಯಾವ ವಾರ ಹುಟ್ಟಿದ್ದು, ಯಾವ ಯಾವ ಅಳತೆ ತೋರಿಸಬಲ್ಲದು, ಎಲ್ಲ ಅದರಲ್ಲಿರುತ್ತದೆ. ವಿಜಿಎ ಕೇಬಲಿನಲ್ಲಿ ಅದು 12 ಮತ್ತು 15ನೇ ಪಿನ್ನಿನ ಮೂಲಕ ಬರುತ್ತದೆ. ಕೇಬಲ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. 12ನೇ ಪಿನ್ ಬಗ್ಗಿ ಅಂಗಾತ ಮಲಗಿತ್ತು.

ಮೂರು ವಾರ. ಎರಡು ಸ್ಕ್ರಿಪ್ಟ್. ಬಾಯಿಪಾಠವಾದ ಒಂಬತ್ತು ಸಂಖ್ಯೆ. ಕೆಟ್ಟು ಹೋದ ಒಂದು ಸ್ನೇಹ.

ಬೇರೆ ಕೇಬಲ್ ಹಾಕಿದೆ. ಮಾನಿಟರ್ ತಕ್ಷಣ ತನ್ನ ಹೆಸರು ಹೇಳಿತು. 2009ರ 31ನೇ ವಾರದಲ್ಲಿ ಹುಟ್ಟಿದೆನೆಂದೂ ಹೇಳಿತು. ಕೇಳದೆಯೇ 1920 ಬೈ 1080 ಬಂತು. ಡೆಸ್ಕ್‌ಟಾಪ್ ಅದನ್ನು ಹೊಸ ನೆಂಟರೆಂದು ತಿಳಿದು ಲ್ಯಾಪ್‌ಟಾಪಿನ ಬಲಗಡೆ ಕೂರಿಸಿತು. ನನ್ನ ಮಾನಿಟರ್ ಇರುವುದು ಎಡಗಡೆ. ಖುಷಿಯಲ್ಲಿ ನಾನು ಗಮನಿಸಲಿಲ್ಲ. ಬೇರೆ ಏನನ್ನೋ ತಿದ್ದುತ್ತಿದ್ದೆ. ಹಾಗೇ ಇಟ್ಟುಕೊಳ್ಳಲೇ ಅಂದಿತು. ಇಟ್ಟುಕೋ ಅಂದೆ.

ಈಗ ಅದು ಮರೆಯುವುದಿಲ್ಲ. ಎಷ್ಟು ರೀಬೂಟ್ ಮಾಡಿದರೂ ಮಾನಿಟರ್ ಬಲಗಡೆಯೇ. ಎಡಕ್ಕೆ ಹೋಗಬೇಕಾದರೆ ಮೌಸನ್ನು ಬಲಕ್ಕೆ ನೂಕಬೇಕು. ಸೆಟ್ಟಿಂಗ್ ತೆರೆದು ಆ ಚೌಕವನ್ನು ಎಳೆದು ಆಚೆ ಬಿಟ್ಟರೆ ಆಯಿತು, ಎರಡು ಸೆಕೆಂಡಿನ ಕೆಲಸ. ಗೊತ್ತು. ಆದರೆ ಅದು ಮತ್ತೆ ಆ ಪ್ರಶ್ನೆ ಕೇಳುತ್ತದೆ. ಮತ್ತೆ 20, 19, 18. ಬೇಡವೇ ಬೇಡ. ನಿನ್ನೆ ಸಂಜೆ ಮಾನಿಟರನ್ನೇ ಎತ್ತಿ ಮೇಜಿನ ಬಲಗಡೆ ಇಟ್ಟೆ. ಕೇಬಲ್ ಉದ್ದ ಸಾಕಾಯಿತು.

ಇವತ್ತು ಬೆಳಿಗ್ಗೆ ಬಂದು ನೋಡಿದರೆ ಮಾನಿಟರ್ ಎಡಗಡೆಗೆ ಬಂದು ಕೂತಿದೆ. ಮೇಜು ಒರೆಸಿ ಫಳಫಳ ಅನ್ನುತ್ತಿದೆ. ಮನೆಯಲ್ಲಿ ಎಲ್ಲರನ್ನೂ ಕೇಳಿದೆ. ನಾವ್ಯಾಕೆ ಅದನ್ನು ಮುಟ್ಟೋಣ ಅಂದರು.