ಕೊಸರು

ದಾವಣಗೆರೆಯಲ್ಲಿ ಮಂಡಕ್ಕಿ ಕೊಳ್ಳುವವರು ಒಂದು ಕಣ್ಣನ್ನು ಸೇರಿನ ಬಾಯಿಯ ಮೇಲೂ ಇನ್ನೊಂದನ್ನು ಅಳೆಯುವವರ ಹೆಬ್ಬೆರಳಿನ ಮೇಲೂ ಇಟ್ಟಿರುತ್ತಾರೆ. ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲೇ ಬಂತು. ಆದರೂ ಸಂತೆಯ ಬಾಯಿಂದ ಸೇರು, ಅಚ್ಚೇರು, ಪಾವು ಹೋಗಿಲ್ಲ. ಲೀಟರಿನ ಡಬ್ಬಿಗೂ ಸೇರು ಅಂತಲೇ ಹೆಸರು. ಮಂಡಕ್ಕಿ ಹಗುರ ಪದಾರ್ಥವಾದ್ದರಿಂದ ಅಳತೆಯಲ್ಲಿ ಕೈಚಳಕಕ್ಕೆ ಬೇಕಾದಷ್ಟು ಜಾಗ. ಮೆಲ್ಲಗೆ ಸುರಿದರೆ ನಡುವೆ ಗಾಳಿ ನಿಂತು ಸೇರು ಬೇಗ ತುಂಬುತ್ತದೆ. ಅದನ್ನೇ ಎರಡು ಸಲ ತಟ್ಟಿದರೆ ಎರಡು ಬೆರಳು ಕೆಳಗಿಳಿಯುತ್ತದೆ. ಹೆಬ್ಬೆರಳು ಒಳಗಿದ್ದರೆ ಅಷ್ಟು ಉಳಿತಾಯ, ತಳ ಒಳಕ್ಕೆ ಜಜ್ಜಿದ್ದರೆ ಇನ್ನಷ್ಟು. ಇಷ್ಟೆಲ್ಲ ಗೊತ್ತಿರುವ ಗಿರಾಕಿ ಚೀಲದ ಬಾಯಿ ಮುಚ್ಚದೆ ನಿಂತೇ ಇರುತ್ತಾರೆ: “ಕೊಸರು ಹಾಕ್ರಿ ಅಣ್ಣಾ.” ಮೇಲೊಂದು ಹಿಡಿ ಬೀಳುವ ತನಕ ವ್ಯಾಪಾರ ಮುಗಿದಂತಲ್ಲ.

ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಒಂದು ಮಾತು ಈ ಸಂತೆಯವರಿಗೆ ವಿವರಣೆಯೇ ಇಲ್ಲದೆ ಅರ್ಥವಾಗುತ್ತದೆ. ಕೊಡಿರಿ, ಆಗ ನಿಮಗೂ ಸಿಗುತ್ತದೆ. ಅದುಮಿ, ಅಲ್ಲಾಡಿಸಿ, ಹೊರಚೆಲ್ಲುವ ಹಾಗೆ ಅಳೆದು ನಿಮ್ಮ ಮಡಿಲಿಗೆ ಸುರಿಯುತ್ತಾರೆ ಅನ್ನುವ ಮಾತು. ಅದುಮುವುದು, ಅಲ್ಲಾಡಿಸುವುದು, ಚೆಲ್ಲುವ ಹಾಗೆ ಗೋಪುರ ಕಟ್ಟುವುದು, ಮೂರೂ ಕಾಳು ಅಳೆಯುವ ಕೈಯ ಕೆಲಸಗಳೇ. ಕೇಳುತ್ತಿದ್ದವರಲ್ಲಿ ಮೋಸದ ಅಳತೆ ಕಾಣದವರು ಯಾರೂ ಇದ್ದಿರಲಾರರು. ಇದನ್ನು ‘ಕೊಟ್ಟರೆ ದುಪ್ಪಟ್ಟು ಬರುತ್ತದೆ’ ಎಂಬ ಚೀಟಿ ವ್ಯವಹಾರವಾಗಿ ಬೋಧಿಸುವವರೂ ಇದ್ದಾರೆ. ಹಿಂದುಮುಂದಿನ ವಚನಗಳನ್ನು ಓದಿದರೆ ಅಲ್ಲಿರುವುದು ವೈರಿಯನ್ನು ಪ್ರೀತಿಸುವ, ತೀರ್ಪು ಮಾಡದಿರುವ, ಕ್ಷಮಿಸುವ ಸಂಗತಿ. ರೂಪಾಯಿಯ ಸುದ್ದಿ ಅಲ್ಲಿ ಬಂದರೂ ಅದು ವಾಪಸ್ ಬರುವ ಆಸೆ ಬಿಟ್ಟು ಸಾಲ ಕೊಡಿ ಅನ್ನುವುದಕ್ಕಷ್ಟೇ.

ದುರಾಸೆ ಅಂದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಕಾಯಿಲೆ ಅಂತ ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೇವೆ. ಗಿರಾಕಿಯ ಕಡೆಯಿಂದಲೂ ಅಷ್ಟೇ ಸಲೀಸಾಗಿ ಅದು ನಡೆಯುತ್ತದೆ. ಕಟ್ಟು 10 ರೂಪಾಯಿಯ ಮೆಂತ್ಯೆ ಸೊಪ್ಪಿಗೆ 7ಕ್ಕೆ ಕೇಳಿ, ಮೇಲೆ ಕರಿಬೇವು ಬಿಟ್ಟಿ ಕಿತ್ತುಕೊಂಡು, ಅಲ್ಲಿಂದ ನೇರ ಏಸಿ ಅಂಗಡಿಗೆ ಹೋಗಿ ಬೆಲೆಯ ಚೀಟಿಯಲ್ಲಿದ್ದಷ್ಟನ್ನೂ ತೆತ್ತು ‘ಥ್ಯಾಂಕ್ಯೂ’ ಹೇಳಿ ಬರುವವರು ನಾವೇ. ಸೊಪ್ಪಿನವರಿಂದ ಉಳಿಸಿದ 3 ರೂಪಾಯಿಗೆ ‘ಜಾಣತನ’ ಅಂತ ಹೆಸರು. ಕೊಲೆ, ಕಳವು, ಹಾದರದಂತೆ ಅಲ್ಲ ಇದು. ಮಾಡಿದವರಿಗೆ ಮಾಡಿದ ಹಾಗೇ ಅನಿಸುವುದಿಲ್ಲ. ಹತ್ತು ಆಜ್ಞೆಗಳಲ್ಲಿ ಕೊನೆಯದು ನೆರೆಯವರ ಮನೆ, ಎತ್ತು, ಕತ್ತೆಗಳಿಗೆ ಆಸೆಪಡಬೇಡ ಅನ್ನುತ್ತದೆ. ಮನಸ್ಸಿನೊಳಗೆ ನಡೆಯುವುದಕ್ಕೆ ಪೊಲೀಸರೂ ಇಲ್ಲ, ಸಾಕ್ಷಿಯೂ ಇಲ್ಲ. ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಲೋಭವನ್ನು ವಿಗ್ರಹಾರಾಧನೆಯ ಲೆಕ್ಕಕ್ಕೆ ಸೇರಿಸಿಬಿಡುತ್ತಾನೆ. ಊರ ಗುಡಿಗಳತ್ತ ಬೆರಳು ತೋರಿಸುವ ಕ್ರೈಸ್ತರು ತಮ್ಮ ಪಾಸ್‌ಬುಕ್ ಕಡೆ ನೋಡದೆ ದಾಟಿಹೋಗುವ ಸಾಲು ಇದು.

ಆಮೋಸ ಪ್ರವಾದಿಗೆ ಅಂಗಡಿಯ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು. ವ್ಯಾಪಾರ ನಿಲ್ಲಿಸಬೇಕಾದ ಸಬ್ಬತ್ ದಿನ ಯಾವಾಗ ಮುಗಿದೀತು, ಗೋದಿ ಕಣಜ ಯಾವಾಗ ತೆಗೆದೇವು ಎಂದು ತುದಿಗಾಲಲ್ಲಿ ನಿಂತ ವರ್ತಕರನ್ನು ಆತ ಬಯ್ಯುತ್ತಾನೆ. ಅವರು ಮಾಡುತ್ತಿದ್ದದ್ದು ಮೂರು: ಕಾಳು ಕೊಡುವ ಏಫಾ ಅಳತೆಯನ್ನು ಕಿರಿದು ಮಾಡುವುದು, ಬೆಳ್ಳಿ ತೂಗಿಸಿಕೊಳ್ಳುವ ಶೆಕೆಲ್ ಕಲ್ಲನ್ನು ಭಾರ ಮಾಡುವುದು, ಗೋದಿಯ ಜೊತೆ ಹೊಟ್ಟನ್ನೂ ಮಾರುವುದು. ಏಫಾ ಅಂದರೆ ಈಗಿನ ಸುಮಾರು 22 ಲೀಟರ್. ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆಯ ಮಾರುಕಟ್ಟೆ ನೋಡಿದವರಿಗೆ ಈ ಮೂರಕ್ಕೂ ಇವತ್ತಿನ ರೂಪ ಹೊಳೆಯುತ್ತದೆ. ಖಾಲಿ ಚೀಲದ ತೂಕ ಅಂತ ಕಳೆಯುವುದು ನ್ಯಾಯ. ಅದರ ಮೇಲೆ ಕ್ವಿಂಟಲಿಗೆ ಇಷ್ಟು ಅಂತ ಸೂಟು, ಅಂದರೆ ತೂಕದಲ್ಲಿ ಕಡಿತ, ಮುರಿಯುವುದು ಏಫಾ ಕಿರಿದು ಮಾಡಿದ ಹಾಗೇ. ಕ್ವಿಂಟಲಿಗೆ 1 ಕೆ.ಜಿ. ಅಂದರೂ 40 ಕ್ವಿಂಟಲ್ ತಂದ ರೈತನಿಗೆ 40 ಕೆ.ಜಿ. ಹೋಯಿತು. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಹೆಬ್ಬೆರಳಿಗೆ ಕೆಲಸ ಕಮ್ಮಿಯಾಗಿದೆ, ನಿಜ. ಆದರೆ ತಟ್ಟೆ ಖಾಲಿ ಇದ್ದಾಗ ಸೊನ್ನೆ ತೋರಿಸುತ್ತಿದೆಯೋ ಇಲ್ಲವೋ ನೋಡದೆ ಮೂಟೆ ಏರಿಸಿದರೆ ಯಂತ್ರವೂ ಸುಳ್ಳು ಹೇಳುತ್ತದೆ. ಅಂಥ ಕಾಟಾಗೆ 12 ತಿಂಗಳಿಗೊಮ್ಮೆ, ಕಲ್ಲು ಮತ್ತು ಲೀಟರ್ ಅಳತೆಗಳಿಗೆ 24 ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ಇತ್ತ ರೈತರ ಕಡೆಯಿಂದ ಮೂಟೆಯ ಬಾಯಲ್ಲಿ ಒಣ ಜೋಳ, ನಡುವೆ ಹಸಿ ಜೋಳ ಬರುವುದೂ ಇಲ್ಲದಿಲ್ಲ. ಬಾಯಿಬಾಯಲ್ಲಿ ‘ಎಲ್ಲರೂ ಮಾಡ್ತಾರಲ್ರೀ’ ಅನ್ನುವ ಒಂದೇ ಉತ್ತರ ಎರಡೂ ಕಡೆಯ ಲೆಕ್ಕ ಚುಕ್ತಾ ಮಾಡಿಬಿಡುತ್ತದೆ.

ಚರ್ಚಿನಲ್ಲಿ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಇದೆಯಲ್ಲ ಅಂದರೆ, ಇದೆ. ವಾರವಾರ ಎಲ್ಲರೂ ಒಟ್ಟಿಗೆ, ಒಂದೇ ರಾಗದಲ್ಲಿ ಹೇಳುತ್ತಾರೆ. ಹೋಲ್‌ಸೇಲಿನಲ್ಲಿ ‘ನಾನು ಪಾಪಿ’ ಅನ್ನಲು ಯಾರಿಗೂ ಕಷ್ಟವಿಲ್ಲ, ಖರ್ಚೂ ಇಲ್ಲ. ಚಿಲ್ಲರೆಯಲ್ಲಿ ಹೇಳಬೇಕಾಗಿ ಬಂದಾಗ ನಾಲಿಗೆ ತಡವರಿಸುತ್ತದೆ: ಮಂಗಳವಾರ, ಇಂಥವರಿಗೆ, ತೂಕದಲ್ಲಿ ಇಷ್ಟು, ರೂಪಾಯಿಯಲ್ಲಿ ಇಷ್ಟು. ಅನುಭವಸ್ಥ ಸಭಾಪಾಲಕರು ಈ ಚಿಲ್ಲರೆಯನ್ನೇ ಕೇಳುತ್ತಾರೆ. ಬೈಬಲ್ಲಿನ ಯಾಜಕಕಾಂಡದ ನಿಯಮ ಹಾಗೇ ಇದೆ. ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಿ, ಐದರಲ್ಲೊಂದು ಪಾಲು ಸೇರಿಸಿ, ಯಾರದೋ ಅವರಿಗೇ ಕೊಡಬೇಕು. 500ಕ್ಕೆ 600.

ಇಲ್ಲಿ ಎಡವುವವರು ಬಹಳ. ಮೊದಲನೆಯ ಎಡವಟ್ಟು, ಆ 600ನ್ನು ಕಾಣಿಕೆ ಚೀಲಕ್ಕೆ ಹಾಕಿ ಕೈತೊಳೆದುಕೊಳ್ಳುವುದು. ದೇವರಿಗೆ ಕೊಟ್ಟ ಮಾತ್ರಕ್ಕೆ ಸೊಪ್ಪಿನವರ ಬಾಕಿ ತೀರುವುದಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂದು ಮತ್ತಾಯನ 5ನೇ ಅಧ್ಯಾಯ ಬಿಡಿಸಿಯೇ ಹೇಳಿದೆ. ಕಥೋಲಿಕರಲ್ಲಿ ಫಾದರ್ ಮುಂದೆ ಪಾಪನಿವೇದನೆ ಮಾಡಿ ಕ್ಷಮೆ ಪಡೆದರೂ ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಉಳಿದೇ ಇರುತ್ತದೆ. ಎರಡನೆಯದು, ಹಿಂದಿರುಗಿಸುವಾಗ ನಾಲ್ಕು ಜನರನ್ನು ಸೇರಿಸಿ ಸಾಕ್ಷಿ ಹೇಳುವುದು. ಆಗ ಹಣ ಹೋಗುತ್ತದೆ, ಅದರ ಜಾಗಕ್ಕೆ ಹೆಸರಿನ ಆಸೆ ಬಂದು ಕೂರುತ್ತದೆ. ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋಗಿ, ‘ಅವತ್ತು ಲೆಕ್ಕ ತಪ್ಪಿತ್ತು, ಇದು ನಿಮ್ಮದು’ ಅಂದು ಕೊಟ್ಟು ಬರುವುದು ಲೇಸು. ‘ಲೆಕ್ಕ ತಪ್ಪಿತ್ತು’ ಅನ್ನುವುದೂ ಸುಳ್ಳೇ ಆದರೆ, ‘ನಾನು ತಪ್ಪು ಮಾಡಿದ್ದೆ’ ಅನ್ನಬೇಕು. ಎರಡು ಪದದ ವ್ಯತ್ಯಾಸಕ್ಕೆ ಅರ್ಧ ಗಂಟೆ ಅಂಗಡಿ ಸುತ್ತ ತಿರುಗಾಡಬೇಕಾಗಬಹುದು.

ಐದರಲ್ಲೊಂದು ಸೇರಿಸು ಅಂದ ನಿಯಮಕ್ಕೆ ಜಕ್ಕಾಯ ನಿಲ್ಲಲಿಲ್ಲ. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಕುಳ್ಳ, ಯೇಸುವನ್ನು ನೋಡಲು ಅತ್ತಿಮರ ಹತ್ತಿದವನು. ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದ. ಭಾನುವಾರ ಶಾಲೆಯ ಮಕ್ಕಳು ಅವನ ಹಾಡಿಗೆ ಕೈಕಾಲು ಆಡಿಸುತ್ತಾರೆ, ಆದರೆ ಲೆಕ್ಕವನ್ನು ಯಾರೂ ಮಾಡಿಸುವುದಿಲ್ಲ. ಮಾಡಿ ನೋಡಬೇಕು. ಒಟ್ಟು ಆಸ್ತಿ 10 ಲಕ್ಷ ಅಂತಿಟ್ಟುಕೊಳ್ಳಿ. 5 ಲಕ್ಷ ಬಡವರಿಗೆ ಹೋಯಿತು. ಉಳಿದ 5 ಲಕ್ಷದಲ್ಲಿ ನಾಲ್ಕರಷ್ಟು ತೀರಿಸಬಹುದಾದ ಮೋಸದ ಮೊತ್ತ 1,25,000 ಮಾತ್ರ. ಅಂದರೆ ಎಂಟರಲ್ಲೊಂದು ಪಾಲು ಅನ್ಯಾಯದ್ದಾದರೂ ಜಕ್ಕಾಯನ ಕೈ ಪೂರ್ತಿ ಖಾಲಿ. ಸುಂಕದ ಕಟ್ಟೆಯಲ್ಲಿ ಎಂಟರಲ್ಲಿ ಒಂದಷ್ಟೇ ಅನ್ಯಾಯ ನಡೆಯಿತೆಂದರೆ ಯೆರಿಕೋದವರು ನಕ್ಕಿರಬೇಕು.

ಲೆಕ್ಕಕ್ಕಿಂತ ನನಗೆ ಮುಖ್ಯ ಅನಿಸುವುದು ಅದರ ಅನುಕ್ರಮ. ಯೇಸು ಮರದ ಕೆಳಗೆ ನಿಂತು ಮೊದಲು ಹೇಳಿದ್ದು ‘ವಾಪಸ್ ಕೊಡು’ ಅಂತಲ್ಲ. ‘ಬೇಗ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರಬೇಕು’ ಅಂತ. ಊರು ಹೊಸ್ತಿಲು ತುಳಿಯದ ಮನೆಗೆ ಅತಿಥಿ ಬಂದ. ಕೇಳದೆಯೇ ಕೊಸರು ಬಿದ್ದ ಮೇಲೆ ಜಕ್ಕಾಯನ ಮುಷ್ಟಿ ಬಿಚ್ಚಿಕೊಂಡಿತು. ದುರಾಸೆ ಬಿಡಬೇಕೆಂದು ಹಲ್ಲುಕಚ್ಚಿ ಪ್ರತಿಜ್ಞೆ ಮಾಡಿದವರು ಸಾಮಾನ್ಯವಾಗಿ ಮೂರನೇ ವಾರಕ್ಕೆ ಹಳೆಯ ಜಾಡಿಗೆ ಬರುತ್ತಾರೆ, ಯಾಕೆಂದರೆ ಪ್ರತಿಜ್ಞೆ ಕೈಯನ್ನು ಕಟ್ಟುತ್ತದೆಯೇ ಹೊರತು ಒಳಗಿನ ಹೆದರಿಕೆಯನ್ನು ಮುಟ್ಟುವುದಿಲ್ಲ. ನಾಳೆ ಸಾಲದೆ ಹೋದರೆ? ನನ್ನ ಕೈಬಿಟ್ಟರೆ? ಇಬ್ರಿಯರಿಗೆ ಬರೆದ ಪತ್ರವು ಇದ್ದುದರಲ್ಲಿ ತೃಪ್ತರಾಗಿರಿ ಎಂದು ಹೇಳಿ ಸುಮ್ಮನಾಗುವುದಿಲ್ಲ. ‘ನಿನ್ನನ್ನು ಎಂದಿಗೂ ಕೈಬಿಡೆನು’ ಎಂದು ದೇವರೇ ಹೇಳಿದ್ದಾನೆ ಎಂಬ ಕಾರಣವನ್ನೂ ಅದೇ ಉಸಿರಿನಲ್ಲಿ ಕೊಡುತ್ತದೆ. ನಂಬಿಕೆಯವರು ಬಿಡುಗಡೆ ಅನ್ನುವುದು ಈ ಕಾರಣದಿಂದ ಶುರುವಾಗುವ ಸಂಗತಿಯನ್ನು. ಅದೂ ಒಂದೇ ದಿನಕ್ಕೆ ಮುಗಿಯುವ ವ್ಯವಹಾರವಲ್ಲ. ಕೈಗೆ ಅಭ್ಯಾಸ ಬೇಕು.

ಅಭ್ಯಾಸಕ್ಕೆ ಬಹಳ ಕ್ರೈಸ್ತ ಮನೆಗಳಲ್ಲಿ ಇರುವ ಸಾಧನ ಅಡುಗೆಮನೆಯ ಒಂದು ಡಬ್ಬಿ. ಹಿಡಿ ಅಕ್ಕಿ ಅನ್ನುತ್ತಾರೆ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ನೀರಿಗೆ ಹಾಕುವ ಮೊದಲು, ಅದರಿಂದಲೇ ಒಂದು ಹಿಡಿ ತೆಗೆದು ಡಬ್ಬಿಗೆ. ಹಿಡಿಗೆ 35–40 ಗ್ರಾಂ ಅಂದರೆ, ದಿನಕ್ಕೆರಡು ಹೊತ್ತಿನಂತೆ ವಾರಕ್ಕೆ ಅರ್ಧ ಕೆ.ಜಿ. ಆಸುಪಾಸು. ಭಾನುವಾರ ಅದು ಸಭೆಗೆ ಹೋಗಿ, ಇಲ್ಲದವರ ಮನೆಗೆ ಹಂಚಿಕೆಯಾಗುತ್ತದೆ ಅಥವಾ ಮಾರಿ ಸೇವೆಯ ಖರ್ಚಿಗಾಗುತ್ತದೆ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 1910ರಿಂದ ಇದೇ ಪದ್ಧತಿ ದೊಡ್ಡದಾಗಿ ಬೆಳೆದು ಬಂದಿದೆ. ಅಳೆದದ್ದರಿಂದಲೇ ತೆಗೆಯಬೇಕು ಅನ್ನುವುದರಲ್ಲಿ ಗುಟ್ಟಿದೆ. ಮೂಟೆಯಿಂದ ಬೇರೆಯಾಗಿ ತೆಗೆದರೆ ಅದು ದಾನ. ತಟ್ಟೆಗೆ ಬರಬೇಕಿದ್ದುದರಿಂದ ತೆಗೆದರೆ ಪಾತ್ರೆಯಲ್ಲಿ ಒಂದು ತುತ್ತು ಕಮ್ಮಿಯಾಗಿ, ಕಮ್ಮಿಯಾದರೂ ಊಟ ಆಯಿತಲ್ಲ ಅನ್ನುವುದು ದಿನಕ್ಕೆರಡು ಸಲ ಗೊತ್ತಾಗುತ್ತದೆ.

ಕೆಡುವ ದಾರಿಗಳೂ ಇವೆ. ತೊಳೆದ ಮೇಲೆ ನೆನಪಾಗಿ ತೆಗೆದ ಒದ್ದೆ ಅಕ್ಕಿ ಇಡೀ ಡಬ್ಬಿಯನ್ನು ಬೂಸ್ಟು ಹಿಡಿಸುತ್ತದೆ. ಮುಚ್ಚಳ ಸಡಿಲವಿದ್ದರೆ ಹುಳ. ನಾಲ್ಕು ಒಣ ಬೇವಿನೆಲೆ ಹಾಕಿಡಬೇಕು. ಚಿತ್ರದುರ್ಗದ ಕಡೆ ರಾಗಿ, ಜೋಳದ ಮನೆಗಳವರು ಕಾಳನ್ನೇ ಇಡುವುದು ಒಳ್ಳೆಯದು, ಹಿಟ್ಟು ಬೇಗ ಮುಗ್ಗಲಾಗುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಮನೆಗೆ ಭದ್ರಾ ನಾಲೆಯ ಸೋನಾ ಮಸೂರಿ, ದೇವರ ಡಬ್ಬಿಗೆ ರೇಷನ್ ಅಕ್ಕಿ. ಸಭೆಯ ಹಿರಿಯರು ಚೀಲ ಬಿಚ್ಚಿದರೆ ಯಾವ ಹಿಡಿ ಯಾವ ಮೂಟೆಯಿಂದ ಬಂತು ಅನ್ನುವುದು ಬಣ್ಣದಲ್ಲೇ ಕಾಣುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ರೇಷನ್ ಅಕ್ಕಿಯನ್ನೇ ಉಣ್ಣುವವರು ಅದನ್ನೇ ಕೊಟ್ಟರೆ ಅದು ಬೇರೆ ಮಾತು. ದೇವಾಲಯದ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ವಿಧವೆಯನ್ನು ಯೇಸು ಎಣಿಸಿದ್ದು ಅದೇ ಲೆಕ್ಕದಲ್ಲಿ.

ಅಗತ್ಯಕ್ಕಿಂತ ಹೆಚ್ಚಿನದು ಕೆಡುತ್ತದೆ ಅನ್ನುವುದಕ್ಕೆ ಬೈಬಲ್ಲಿನ ಹಳೆಯ ಪಾಠ ಮನ್ನ, ಮರಳುಗಾಡಿನಲ್ಲಿ ಇಸ್ರಾಯೇಲರಿಗೆ ದೇವರು ದಿನದಿನ ಕೊಟ್ಟ ಆಹಾರ. ತಲೆಗೊಂದು ಓಮೆರ್, ಅಂದರೆ ಏಫಾದ ಹತ್ತರಲ್ಲೊಂದು, ಎರಡು ಲೀಟರಿಗೆ ಸ್ವಲ್ಪ ಮೇಲೆ. ಬಳಿದುಕೊಂಡವರು ಕೆಲವರು ಹೆಚ್ಚು, ಕೆಲವರು ಕಮ್ಮಿ. ಅಳೆದಾಗ ಯಾರಿಗೂ ಮಿಗಲಿಲ್ಲ, ಯಾರಿಗೂ ಕೊರತೆಯಾಗಲಿಲ್ಲ. ನಾಳೆಗೆ ಅಂತ ಮುಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಶರಣರ ಈ ಸೀಮೆಯಲ್ಲಿ ಆ ಕಥೆಯನ್ನು ಒತ್ತಿ ಹೇಳಬೇಕಾಗಿಲ್ಲ. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿ ಬೆಳೆದವರೇ ಎಲ್ಲರೂ. ಹಾಗಂತ ಕೂಡಿಡುವುದೆಲ್ಲ ಪಾಪವೂ ಅಲ್ಲ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಯೋಸೇಫ ಸುಭಿಕ್ಷದ ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲು ಕೂಡಿಡಿಸಿದ, ಅದು ಬರಗಾಲದಲ್ಲಿ ಜನರ ಹೊಟ್ಟೆಗಾಯಿತು. ಲೂಕನ 12ನೇ ಅಧ್ಯಾಯದ ಐಶ್ವರ್ಯವಂತನೂ ಕಣಜ ಕಿತ್ತು ದೊಡ್ಡದು ಕಟ್ಟಲು ಹೊರಟ. ಅವನ ಮಾತನ್ನು ಗಮನಿಸಿದರೆ ಇಡೀ ಯೋಜನೆಯಲ್ಲಿ ಅವನ ಹೊರತು ಇನ್ನೊಬ್ಬರ ಹೆಸರಿಲ್ಲ. ಮಾತಾಡಿದ್ದೂ ತನ್ನ ಜೀವದ ಜೊತೆಗೇ.

ಹಣದ ಆಸೆ ಕಮ್ಮಿಯಾದವರಿಗೆ ಕಾದಿರುವ ಹೊಂಡ ಬೇರೆ, ಅದು ಹೆಸರಿನ ಆಸೆ. ಯೇಸುವಿನ ಕಾಲದ ಕಟ್ಟಾ ಯೆಹೂದಿ ಧರ್ಮನಿಷ್ಠರಾದ ಫರಿಸಾಯರು ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಎಣಿಸಿ ಕೊಡುತ್ತಿದ್ದರು. ನ್ಯಾಯ, ಕರುಣೆಯನ್ನು ಮಾತ್ರ ಬಿಟ್ಟಿದ್ದರು. ಸಬ್ಬಸಿಗೆ ಸೊಪ್ಪಿನ ಎಳೆ ಎಣಿಸಲು ಕೂತವರನ್ನು ನೆನೆದರೆ ನಗು ಬರುತ್ತದೆ, ಆದರೆ ಸುಗ್ಗಿ ಹಬ್ಬದ ದಿನ ಚರ್ಚಿನ ಅಂಗಳ ನೋಡಿದವರು ಪೂರ್ತಿ ನಗಲಾರರು. ಅವತ್ತು ಪ್ರಥಮ ಫಲ ಅಂತ ಬಾಳೆಗೊನೆ, ಕುಂಬಳಕಾಯಿ, ಚನ್ನಗಿರಿ ಕಡೆಯ ಅಡಿಕೆ, ಮೆಕ್ಕೆಜೋಳದ ತೆನೆ, ಒಂದೆರಡು ಕೋಳಿ ಬಂದಿರುತ್ತವೆ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ನಿಂಬೆಹಣ್ಣು 50ರಿಂದ ಶುರುವಾಗಿ 500 ದಾಟುತ್ತದೆ. ನಿಂಬೆಹಣ್ಣು ಅಷ್ಟಕ್ಕೆ ಬಾಳುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಆ ಸಂತೋಷಕ್ಕೇ ಕೂಗುವುದು; ವರ್ಷವೆಲ್ಲ 3 ರೂಪಾಯಿಗೆ ಎಳೆದಾಡಿದ ನಾಲಿಗೆ ಅವತ್ತು ಸಡಿಲವಾಗುವುದನ್ನು ನೋಡುವುದೇ ಚೆಂದ. 500 ದಾಟಿದ ಮೇಲೆ ಇಬ್ಬರೇ ಉಳಿದು, ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡು ಕೂಗತೊಡಗಿದರೆ ಮಾತ್ರ ಹರಾಜು ಕೂಗುವವರು ಜಾಣರಾಗಿರಬೇಕು. ಚಟ್ಟನೆ ಮೂರು ಸಲ ಕೂಗಿ ಮುಗಿಸಿ, ಹಣ್ಣನ್ನು ಗೆದ್ದವರ ಕೈಗಿಟ್ಟು, ಕುಂಬಳಕಾಯಿ ಎತ್ತಿಕೊಳ್ಳಬೇಕು. ಖಜಾಂಚಿ ಅಷ್ಟರಲ್ಲಿ ಹೆಸರು, ಮೊತ್ತ ಬರೆದುಕೊಂಡಿರುತ್ತಾರೆ. ಸಾಧ್ಯವಿದ್ದಷ್ಟೂ ಅಲ್ಲೇ ವಸೂಲಿ ಮಾಡುವುದು ಕ್ಷೇಮ. ಕೂಗಿದ ಉತ್ಸಾಹ ಮನೆ ಮುಟ್ಟುವಷ್ಟರಲ್ಲಿ ಅರ್ಧಕ್ಕಿಳಿದಿರುತ್ತದೆ, ಮುಂದಿನ ಸುಗ್ಗಿ ಹಬ್ಬದ ಹೊತ್ತಿಗೂ ಪುಸ್ತಕದಲ್ಲಿ ಹಿಂದಿನ ವರ್ಷದ ನಿಂಬೆಹಣ್ಣಿನ ಬಾಕಿ ಹಾಗೇ ಇರುತ್ತದೆ.