ಶಿಬಿರಕ್ಕಿಂತ ಮೊದಲು ಬರುವ ಕಾಗದ

ಗದಗ ಬಿಟ್ಟು ಅಮೆರಿಕದ ಮಿಶಿಗನ್‌ನಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ಮಗ ಇಲ್ಲಿಯ ಸ್ಕೌಟ್ ದಳವನ್ನು ಸೇರಿದ ಮೇಲೆ ನಾನೂ ಅದರ ಸಹಾಯಕ ನಾಯಕರಲ್ಲಿ ಒಬ್ಬನಾದೆ. ಮೊದಲ ಶಿಬಿರಕ್ಕೆ ಇನ್ನೂ ಎರಡು ವಾರವಿರುವಾಗಲೇ ಮನೆಗೆ ಬಂದ ಕಾಗದಗಳ ಕಟ್ಟನ್ನು ನೋಡಿ, ಎರಡು ರಾತ್ರಿ ಡೇರೆಯಲ್ಲಿ ಮಲಗುವುದಕ್ಕೆ ಇಷ್ಟೊಂದು ಬರಹ ಬೇಕೇ ಎಂದು ನಕ್ಕಿದ್ದೆ. ಮಗುವಿಗೆ ಯಾವ ಔಷಧಿ ನಡೆಯುತ್ತಿದೆ, ಯಾವ ಆಹಾರ ಒಗ್ಗುವುದಿಲ್ಲ, ಕನಿಷ್ಠ ಇಬ್ಬರು ಹಿರಿಯರು ಸದಾ ಜೊತೆಗಿರಬೇಕು, ಯಾವ ಹಿರಿಯನೂ ಮಗುವಿನೊಂದಿಗೆ ಒಬ್ಬನೇ ಇರಕೂಡದು ಎಂಬುದೆಲ್ಲ ಅದರಲ್ಲಿತ್ತು. ಚಳಿಗಾಲದಲ್ಲಿ ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಅದು ಮೈಯ ಬಿಸುಪನ್ನು ಹೀರುತ್ತದೆ ಎಂಬ ಸೂಚನೆಯೂ ಇತ್ತು. ಹತ್ತಿ ಪೇಟೆಯ ಊರಿನವನಾದ ನನಗೆ ಅದು ಸ್ವಲ್ಪ ಚುಚ್ಚಿತೆಂದೇ ಹೇಳಬೇಕು.

ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ, ಏಕೆಂದರೆ ನಾನು ಏಳನೆಯ ಇಯತ್ತೆಯಲ್ಲಿದ್ದಾಗಿನ ಶಿಬಿರವೊಂದು ನೆನಪಾಯಿತು. ಕಪ್ಪತಗುಡ್ಡದ ತಪ್ಪಲಿನ ಒಂದು ಹಳ್ಳಿಯ ಶಾಲೆಯಲ್ಲಿ ಮೂರು ದಿನ ಇದ್ದೆವು. ಪಾಲಕರಿಗೆ ಹೇಳಿ ಕಳುಹಿಸಿದ್ದು ಒಂದೇ ಮಾತು: ತಾಟು, ಚರಿಗೆ, ಹಾಸಿಗೆ ತರಬೇಕು. ಎರಡನೆಯ ರಾತ್ರಿ ನಮ್ಮಲ್ಲೊಬ್ಬ ಹುಡುಗನಿಗೆ ದಮ್ಮು ಕಟ್ಟಿತು. ಅವನಿಗೆ ಆ ತೊಂದರೆ ಇದೆಯೆಂದು ಮಾಸ್ತರರಿಗೆ ಗೊತ್ತಿರಲಿಲ್ಲ. ಅವನ ಮನೆಯವರೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಹಳ್ಳಿಯವರೊಬ್ಬರ ಟ್ರ್ಯಾಕ್ಟರಿನಲ್ಲಿ ಅವನನ್ನು ಮಲಗಿಸಿಕೊಂಡು ಹೋದದ್ದು, ಮಾಸ್ತರರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹುಡುಗ ಉಳಿದ. ಉಳಿಸಿದ್ದು ಹಳ್ಳಿಯವರ ಅಂತಃಕರಣವೇ ಹೊರತು ನಮ್ಮ ತಯಾರಿಯಲ್ಲ.

ಕಾಗದಕ್ಕೆ ಇನ್ನೊಂದು ಉಪಯೋಗವೂ ಇದೆಯೆಂದು ತಿಳಿಯಲು ನನಗೆ ತಡವಾಯಿತು. ಯಾವ ಕೆಲಸ ಯಾರದು ಎಂಬ ಗೆರೆಯನ್ನು ಅದು ಮೊದಲೇ ಎಳೆದಿಡುತ್ತದೆ. ಪಾಲಕರು ಜೊತೆಗೆ ಬಂದರೂ ಮಗನ ಡೇರೆಯನ್ನು ತಾವು ಹೂಡುವಂತಿಲ್ಲ. ಏನು ಅಡುಗೆ, ಯಾರು ನೀರು ತರಬೇಕು, ಯಾರು ಪಾತ್ರೆ ತೊಳೆಯಬೇಕು ಎಂಬುದನ್ನು ಪೆಟ್ರೋಲ್ ಎನ್ನುವ ಆರೆಂಟು ಮಕ್ಕಳ ಗುಂಪೇ ನಿರ್ಧರಿಸುತ್ತದೆ. ನವೆಂಬರದ ಒಂದು ಬೆಳಿಗ್ಗೆ ನಮ್ಮ ಹುಡುಗರು ಒಲೆ ಹೊತ್ತಿಸಿ, ಹಿಟ್ಟು ಕಲಸಿ, ತವೆ ಕಾದ ಮೇಲೆ ನೋಡಿದರೆ ಎಣ್ಣೆಯನ್ನೇ ತಂದಿರಲಿಲ್ಲ. ಮೊದಲ ಪ್ಯಾನ್‌ಕೇಕ್ ತವೆಗೆ ಹತ್ತಿತು, ಎರಡನೆಯದು ಕರಿಯಾಯಿತು. ಹಿರಿಯರ ಒಲೆಯ ಬದಿಗೆ ಎಣ್ಣೆಯ ಬಾಟಲಿ ಕಾಣುವಂತೆಯೇ ಇತ್ತು. ಕೊಡಲು ಎದ್ದ ನನ್ನನ್ನು ದಳದ ನಾಯಕರು ತೋಳು ಹಿಡಿದು ಕೂರಿಸಿದರು. ಅವರೇ ಹೋಗಿ ಕೇಳಲಿ ಎಂದರು. ಅರ್ಧ ತಾಸಿನ ಮೇಲೆ ಹನ್ನೆರಡು ವರ್ಷದ ಪೆಟ್ರೋಲ್ ಲೀಡರ್ ಪಕ್ಕದ ಗುಂಪಿನವರಿಂದ ಎಣ್ಣೆ ಕೇಳಿ ತಂದ. ಅಷ್ಟರಲ್ಲಿ ಅವರ ಹಸಿವನ್ನು ತಡೆದದ್ದು ನನ್ನ ಚೀಲದಲ್ಲಿದ್ದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ. ಅದನ್ನು ಕೊಟ್ಟದ್ದಕ್ಕೂ ನಾಯಕರು ಹುಬ್ಬೇರಿಸಿದರು. ಮುಂದಿನ ಶಿಬಿರದ ಯಾದಿಯಲ್ಲಿ ಎಲ್ಲಕ್ಕಿಂತ ಮೇಲೆ ಎಣ್ಣೆಯೆಂದು ಬರೆದಿತ್ತು.

ನಮ್ಮಲ್ಲಿ ಈ ಪದ್ಧತಿ ಗೊತ್ತಿಲ್ಲವೆಂದಲ್ಲ. 1907ರಲ್ಲಿ ಸ್ಕೌಟ್ ಚಳವಳಿಯ ಜನಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ ಹಂಚಿ ನಡೆಸಿದ ಪ್ರಯೋಗವೇ ಎರಡೂ ಕಡೆಯ ಮೂಲ. 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲೂ ಪೆಟ್ರೋಲ್ ಇದೆ, ಕಲಿತಂತೆ ಒಂದೊಂದಾಗಿ ಏರುವ ಸೋಪಾನಗಳೆಂಬ ಹಂತಗಳಿವೆ. ಅದಕ್ಕೂ ಮೊದಲು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಸೇವಾದಳವನ್ನು ಕಟ್ಟಿ ತರುಣರಿಗೆ ಶಿಬಿರದ ಶಿಸ್ತನ್ನು ಕಲಿಸಿದವರು. ಅವರು ಓದಿದ್ದು ನಾನೀಗ ಇರುವ ಮಿಶಿಗನ್‌ನಲ್ಲೇ ಎಂಬುದು ನನಗೆ ಬಿಂಕದ ಸಂಗತಿ. ಇಷ್ಟಿದ್ದೂ ನಾನು ಕಂಡ ಶಿಬಿರಗಳಲ್ಲಿ ಅಡುಗೆಯವನು ಬರುತ್ತಾನೆ, ಡೇರೆಯನ್ನು ಪೆಂಡಾಲದವರು ಹಾಕುತ್ತಾರೆ, ಮಕ್ಕಳ ಪಾಲಿಗೆ ಸಾಲುಗಟ್ಟಿ ನಿಲ್ಲುವುದು ಮತ್ತು ಚಪ್ಪಾಳೆ ತಟ್ಟುವುದು ಉಳಿಯುತ್ತದೆ.

ಇಲ್ಲಿಯದನ್ನು ಹಾಗೆಯೇ ಹೊತ್ತೊಯ್ಯಬೇಕೆಂದು ನಾನು ಹೇಳುವುದಿಲ್ಲ. ಇಲ್ಲಿ ಮಲಗುವ ಚೀಲ, ಬೂಟು, ಮಳೆ ಅಂಗಿ ಎನ್ನುತ್ತ ಅಂಗಡಿಗೆ ಸುರಿಯುವ ದುಡ್ಡು ಕಡಿಮೆಯದಲ್ಲ. ಕಂಬಳಿ ಹೊದ್ದು ಹೊಲ ಕಾಯಲು ಹೋಗುತ್ತಿದ್ದ, ಎತ್ತಿನ ಹಗ್ಗಕ್ಕೆ ಕತ್ತಲಲ್ಲೇ ಗಂಟು ಹಾಕುತ್ತಿದ್ದ ನನ್ನ ಓರಗೆಯ ಹುಡುಗರಿಗೆ ಕ್ಲೋವ್ ಹಿಚ್ ಎಂಬ ಸ್ಕೌಟ್ ಗಂಟನ್ನು ಕಲಿಸುವ ಅಗತ್ಯವೇ ಇರಲಿಲ್ಲ. ಎಳ್ಳಮವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲೇ ಉಂಡು ಬರುವುದಕ್ಕೆ ಯಾರೂ ಹೊರಾಂಗಣ ಚಟುವಟಿಕೆ ಎಂಬ ಹೆಸರನ್ನೂ ಇಟ್ಟಿರಲಿಲ್ಲ. ಆದರೆ ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುತ್ತಿರುವ ನನ್ನ ತಂಗಿಯ ಮಗನಿಗೆ ಹೊಲವೂ ಇಲ್ಲ, ಹಗ್ಗವೂ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಅವನ ಶಾಲೆಯ ಸ್ಕೌಟ್ ಮಾಸ್ತರರ ಮುಂದೆ ಕನ್ನಡದಲ್ಲಿ ಬರೆದ ಒಂದೇ ಪುಟದ ಕಾಗದವನ್ನು ಇಟ್ಟೆ. ಆರೋಗ್ಯದ ವಿವರ, ಇಬ್ಬರು ಹಿರಿಯರ ನಿಯಮ, ಕಸವನ್ನು ಹೊತ್ತು ತರುವುದು, ಇವಕ್ಕೆ ಅವರು ಕೂಡಲೇ ಒಪ್ಪಿದರು. ಅಡುಗೆ ಮಕ್ಕಳದೇ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು.

“ಕೈ ಸುಟ್ಟುಕೊಂಡ್ರ ಅವರವ್ವಗ ಯಾರು ಉತ್ತರಾ ಕೊಡೋರು, ಸರ?” ಎಂದರು.

ಅವರ ಭಯ ಸುಳ್ಳಲ್ಲ, ನಾನು ವಾದಿಸಲಿಲ್ಲ. ಒಂದು ತಾಸಿನ ಚರ್ಚೆಯ ನಂತರ ಆ ಸಾಲನ್ನು ಹೊಡೆದು ಹಾಕಿ, ಅದರ ಕೆಳಗೆ ಅವರೇ ತಮ್ಮ ಕೈಯಿಂದ ಬರೆದರು: ಎರಡನೆಯ ದಿನ ಮುಂಜಾನೆಯ ಉಪ್ಪಿಟ್ಟು ಮಕ್ಕಳದು, ಮಾಸ್ತರರು ಒಲೆಯಿಂದ ನಾಲ್ಕು ಹೆಜ್ಜೆ ದೂರ ನಿಲ್ಲತಕ್ಕದ್ದು.